ಮುಂದಿನ ಶನಿವಾರ

"ಈ ಶನಿವಾರ ಬೇಡ. ಅವರು ಮನೇಲೇ ಇರ್ತಾರೆ. ಮುಂದಿನ ಶನಿವಾರ ಇಟ್ಕೊಳ್ಳೋಣ."

ಗಲ್ಲದ ಮೇಲೆ ಸೋಪಿನ ನೊರೆ ಹಚ್ಚಿಕೊಂಡಿದ್ದ ಮೇಸ್ತ್ರಿಯ ಕೈ ಅಲ್ಲೇ ನಿಂತಿತು. ಬಚ್ಚಲಿನ ಕಿಟಕಿಯ ಆಚೆ ಬಾಲ್ಕನಿ. ಬಾಲ್ಕನಿಯಲ್ಲಿ ಹೆಂಡತಿ. ಅವಳ ದನಿ ಇನ್ನೂ ತಗ್ಗಿತು.

"ಇಲ್ಲ ಇಲ್ಲ, ಅವರಿಗೆ ಗೊತ್ತಾಗೋದು ಬೇಡ. ಪಾಪ."

ಆ 'ಪಾಪ' ಅವನಿಗೆ ಬ್ಲೇಡಿಗಿಂತ ಹರಿತವಾಗಿ ತಾಗಿತು. ಅರ್ಧ ಗಡ್ಡದಲ್ಲೇ ಹೊರಗೆ ಬಂದ.

"ಯಾರದು ಫೋನು?"

"ಚಿನ್ನಿ ಕೋಚ್‌ದು. ಶನಿವಾರದ ಮ್ಯಾಚ್ ಮುಂದಕ್ಕೆ ಹೋಯ್ತಂತೆ ರೀ. ಗ್ರೌಂಡ್ ಒದ್ದೆಯಂತೆ."

ಬಾಲ್ಕನಿಯ ತಂತಿಯ ಮೇಲೆ ಆಗಷ್ಟೇ ಹರವಿದ್ದ ಟವೆಲು ಹಪ್ಪಳದಂತೆ ಒಣಗಿತ್ತು. ಮೇಸ್ತ್ರಿ ಅದನ್ನು ನೋಡಿದ. ಹೆಂಡತಿಯೂ ನೋಡಿದಳು.

ಅವನು ಸಾಮಿಲ್ಲಿನಲ್ಲಿ ಮೇಸ್ತ್ರಿ. ದಿನವಿಡೀ ಗರಗಸಗಳ ನಡುವೆ ನಿಂತು ಕೆಲಸ ಮಾಡಿಸುವವನು. ಅಲ್ಲಿ ಗಂಟಲು ಹರಿಯುವಂತೆ ಕೂಗದಿದ್ದರೆ ಪಕ್ಕದವನಿಗೂ ಕೇಳಿಸದು. ವಾರ ಬಿಟ್ಟು ವಾರ ಅವನಿಗೆ ಶನಿವಾರ ರಜೆ. ಒಂಬತ್ತು ತುಂಬಿದ ಮಗಳು ಚಿನ್ನಿ ಮಕ್ಕಳ ಫುಟ್‌ಬಾಲ್ ಲೀಗಿಗೆ ಸೇರಿದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವನು ಅವನೇ. ಮೊದಮೊದಲ ಪಂದ್ಯಗಳಿಗೆ ತಪ್ಪದೆ ಹೋಗಿದ್ದ. ಚೆಂಡು ಮಗಳ ಕಾಲಿಗೆ ಬಂದಾಗಲೆಲ್ಲ ಗೆರೆಯ ಈಚೆ ಅವಳ ಸಮಸಮಕ್ಕೆ ಓಡಿ, ಯಾವ ಕಡೆ ಒದೆಯಬೇಕೆಂದು ಹೇಳಿಕೊಟ್ಟಿದ್ದ. ಮನೆಗೆ ಬರುವಾಗ ಸ್ಕೂಟರಿನಲ್ಲಿ ಅವಳ ಒಂದೊಂದು ತಪ್ಪನ್ನೂ ಬಿಡಿಸಿ ಬಿಡಿಸಿ ವಿವರಿಸಿದ್ದ. ಚಿನ್ನಿ ಎದುರು ಮಾತಾಡದೆ ಕೇಳಿಸಿಕೊಂಡಿದ್ದಳು. ಇಷ್ಟು ಮಾಡುವ ಅಪ್ಪಂದಿರು ಊರಲ್ಲಿ ಎಷ್ಟು ಜನ ಇದ್ದಾರೆ?

ಆಮೇಲೆ ಪಂದ್ಯಗಳು ಮುಂದೆ ಹೋಗತೊಡಗಿದವು. ಒಂದು ಸಲ ರೆಫ್ರಿಯ ತಂಗಿಯ ಮದುವೆ. ಇನ್ನೊಂದು ಸಲ ಎದುರು ತಂಡದ ಮಕ್ಕಳಿಗೆಲ್ಲ ಜ್ವರ. ಪ್ರತಿ ಸಲವೂ ಅವನ ರಜೆಯ ಶನಿವಾರದಿಂದ ಜಾರಿದ ಪಂದ್ಯ ಅವನ ಕೆಲಸದ ಶನಿವಾರಕ್ಕೇ ಬಂದು ಕೂರುತ್ತಿತ್ತು.

"ಹೀಗೆಲ್ಲ ಮನಸ್ಸಿಗೆ ಬಂದಂಗೆ ಬದಲಾಯಿಸಬಹುದಾ?" ಎಂದು ಒಮ್ಮೆ ಕೇಳಿದ್ದ.

"ಎರಡು ಕಡೆ ಕೋಚೂ ಒಪ್ಪಿದ್ರೆ ಆಯ್ತು. ಲೀಗಿನವರು ಬೇರೆ ದಿನ ಕೊಡ್ತಾರೆ," ಎಂದಿದ್ದಳು ಹೆಂಡತಿ, ಮಗಳ ಕಾಲುಚೀಲ ಮಡಿಸುತ್ತ. ತಲೆ ಎತ್ತಿರಲಿಲ್ಲ.

ಕೋಚು ಮೂವತ್ತರ ಆಸುಪಾಸಿನವನು. ಹೊಟ್ಟೆ ಎಂಬುದೇ ಇರಲಿಲ್ಲ. ಮೆತ್ತಗೆ ಮಾತಾಡುತ್ತಿದ್ದ, ಮಕ್ಕಳ ಜೊತೆಗೂ, ತಾಯಂದಿರ ಜೊತೆಗೂ. ಮೇಸ್ತ್ರಿಗೆ ಆ ಮೆತ್ತನೆಯ ದನಿ ಕೇಳಿದರೇ ಮೈಮೇಲೆ ಹುಳ ಹರಿದಂತೆ ಆಗುತ್ತಿತ್ತು. ಉಳಿದ ಅರ್ಧ ಗಡ್ಡ ಮುಗಿಸಲು ಕನ್ನಡಿಯ ಮುಂದೆ ಮರಳಿದವನು ಉಸಿರು ಬಿಗಿ ಹಿಡಿದು ತನ್ನ ಹೊಟ್ಟೆಯನ್ನು ಒಳಕ್ಕೆಳೆದು ನೋಡಿದ. ಉಸಿರು ಬಿಟ್ಟ ಕೂಡಲೇ ಅದು ಮರಳಿ ತನ್ನ ಜಾಗಕ್ಕೆ ಬಂತು.

ಅವತ್ತಿನಿಂದ ಎಲ್ಲವೂ ಕಣ್ಣಿಗೆ ಬೀಳತೊಡಗಿತು. ಅಡುಗೆಮನೆಯಲ್ಲಿ ತಾಯಿ ಮಗಳು ಕಿಲಕಿಲ ನಗುತ್ತಿರುತ್ತಾರೆ. ಅವನು ಒಳಗೆ ಕಾಲಿಟ್ಟರೆ ನಗು ನಿಲ್ಲುತ್ತದೆ. ಪಂದ್ಯದ ಶನಿವಾರಕ್ಕೆಂದು ಹೆಂಡತಿ ನೀಲಿ ಕುರ್ತಾಕ್ಕೆ ಇಸ್ತ್ರಿ ಹಾಕುತ್ತಾಳೆ. ಮಗಳನ್ನೂ ತನ್ನ ಕಡೆಗೆ ಎಳೆದುಕೊಂಡುಬಿಟ್ಟಳಲ್ಲ ಎಂದು ಅವನು ಹೊಟ್ಟೆ ಉರಿದುಕೊಂಡ.

"ಚಿನ್ನಿ, ಆ ಕೋಚ್ ಅಮ್ಮನ ಜೊತೆ ಜಾಸ್ತಿ ಮಾತಾಡ್ತಾರಾ?"

ಮಗಳು ಬೆಚ್ಚಿದಳು. "ಇಲ್ಲಪ್ಪ," ಎಂದವಳೇ ಎದ್ದು ಹೋದಳು.

ಸುಳ್ಳು. ಅವಳ ಕಿವಿ ಕೆಂಪಾಗಿದ್ದನ್ನು ಅವನು ಕಂಡಿದ್ದ.

ಆ 'ಮುಂದಿನ ಶನಿವಾರ' ಬಂತು. ಮೇಸ್ತ್ರಿ ಎಂದಿನಂತೆ ಊಟದ ಡಬ್ಬಿ ಹಿಡಿದು ಹೊರಟ. ಸಾಮಿಲ್ಲಿನಲ್ಲಿ ಹೊಟ್ಟೆನೋವೆಂದು ಹೇಳಿದ. ಅದು ಪೂರ್ತಿ ಸುಳ್ಳೇನೂ ಆಗಿರಲಿಲ್ಲ. ಅಲ್ಲಿಂದ ನೇರ ಮೈದಾನಕ್ಕೆ ಬಂದು ನೀರಿನ ಟ್ಯಾಂಕಿನ ಗೋಡೆಯ ಹಿಂದೆ ನಿಂತ. ಅಂಗಿಯ ಮೇಲಿನ ಮರದ ಹುಡಿಯನ್ನೂ ಕೊಡವಿರಲಿಲ್ಲ.

ಆಟ ಆಗಲೇ ಶುರುವಾಗಿತ್ತು. ಅವನ ಕಣ್ಣು ಆಟಕ್ಕೆ ಹೋಗಲೇ ಇಲ್ಲ. ಆಚೆ ಬದಿಯ ಬೆಂಚಿನ ಮೇಲೆ ನೀಲಿ ಕುರ್ತಾ. ಪಕ್ಕದಲ್ಲಿ ಕೋಚು. ಅವನು ಬಗ್ಗಿ ಏನೋ ಹೇಳಿದ. ಅವಳು ನಕ್ಕಳು. ನೀರಿನ ಬಾಟಲಿ ಚಾಚಿದ. ಅವಳು ಕುಡಿದು ಹಿಂದಕ್ಕೆ ಕೊಟ್ಟಳು. ಮನೆಯಲ್ಲಿ ಅವಳು ಹಾಗೆ ನಕ್ಕು ಎಷ್ಟು ಕಾಲವಾಯಿತೆಂದು ಮೇಸ್ತ್ರಿಗೆ ನೆನಪಾಗಲಿಲ್ಲ.

ಮೈದಾನದಲ್ಲಿ ಗದ್ದಲ ಎದ್ದಿತು. ಯಾರೋ ಗೋಲು ಹೊಡೆದಿದ್ದರು. ಬೆಂಚಿನಿಂದ ಇಬ್ಬರೂ ಜಿಗಿದೆದ್ದರು. ಅವಳು ಕೈ ಎತ್ತಿದಳು, ಅವನೂ ಎತ್ತಿದ. ಅಂಗೈಗೆ ಅಂಗೈ ತಾಗಿತು.

ಸಾಕು. ಮೇಸ್ತ್ರಿ ಗೋಡೆಯ ಮರೆಯಿಂದ ನುಗ್ಗಿ ಬಂದ.

"ಏಯ್!"

ಅದು ಗರಗಸಗಳನ್ನು ಮೀರಿಸುವ ಗಂಟಲು. ಮೈದಾನಕ್ಕೆ ಮೈದಾನವೇ ನಿಂತುಬಿಟ್ಟಿತು. ರೆಫ್ರಿಯ ಬಾಯಲ್ಲಿನ ಸೀಟಿ ಅಲ್ಲೇ ಉಳಿಯಿತು. ಹೆಂಡತಿಯ ಮುಖ ಬಿಳಿಚಿತು.

ಗೋಲಿನ ಮುಂದೆ ಎರಡೂ ತೋಳು ಮೇಲೆತ್ತಿ ಕುಣಿಯುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ತಿರುಗಿ ನೋಡಿದಳು. ಕೆದರಿದ ಕೂದಲು, ಮಣ್ಣಾದ ಮೊಣಕಾಲು, ಮುಖದ ತುಂಬ ನಗು. ಅದು ಚಿನ್ನಿ ಎಂದು ತಿಳಿಯಲು ಅವನಿಗೆ ಕ್ಷಣಕಾಲ ಬೇಕಾಯಿತು. ಆ ನಗುವನ್ನು ಅವನು ಕಂಡೇ ಇರಲಿಲ್ಲ. ಅವನು ನೋಡುತ್ತಿದ್ದಂತೆಯೇ ಅದು ಆರಿತು. ಎತ್ತಿದ ಕೈಗಳು ಕೆಳಗೆ ಬಿದ್ದವು.

ಅವಳು ಅಪ್ಪನ ಕಡೆ ಬರಲಿಲ್ಲ. ತಲೆ ತಗ್ಗಿಸಿಕೊಂಡು ಮೈದಾನ ದಾಟಿ ಕೋಚಿನ ಬಳಿ ಹೋಗಿ ಅವನ ಅಂಗಿಯ ತುದಿ ಹಿಡಿದಳು. ಎಲ್ಲರೂ ಸುಮ್ಮನಾಗಿದ್ದರಿಂದ ಅವಳ ಪಿಸುಮಾತು ಈಚೆ ನಿಂತಿದ್ದ ಮೇಸ್ತ್ರಿಗೂ ಕೇಳಿಸಿತು.

"ಸರ್, ಅಪ್ಪ ಬಂದ್ಬಿಟ್ರು. ಈ ಮ್ಯಾಚೂ ಮುಂದಕ್ಕೆ ಹಾಕ್ತೀರಾ?"