ಸೊಗಸಾದ ಪ್ರಯೋಗ

“‘ಒಂದ್ಹತ್ತು ನಿಮಿಷ ಫ್ರೀ ಇದೀರೇನ್ರೀ?’” ಎಂದು ಟೈಪಿಸ್ಟ್ ಚೀಟಿಯನ್ನು ಗಟ್ಟಿಯಾಗಿ ಓದಿದಾಗ ನಿಘಂಟಿನ ಸಂಪಾದಕರ ಪೆನ್ನು ತಟ್ಟನೆ ನಿಂತಿತು. ಆಡುಮಾತಿನೊಳಗೆ ಬಂದು ನೆಲೆಸಿದ ಇಂಗ್ಲಿಷ್ ಪದಗಳ ನಿಘಂಟು ಅದು. ಬೆಳಗಿನಿಂದ ‘ಫ್ರೀ’ ಎಂಬ ಪದದ ಸರದಿ. ಸೋಪಿನ ಜೊತೆ ಬಾಚಣಿಗೆ ಫ್ರೀ, ಈ ಸೀಟು ಫ್ರೀ ಇದೆಯಾ, ಎಲ್ಲರ ಹತ್ರ ಫ್ರೀಯಾಗಿ ಮಾತಾಡ್ತಾರೆ: ಹೀಗೆ ಅರ್ಥಕ್ಕೊಂದು ಚೀಟಿಗಳ ಕಟ್ಟು ಮೇಜಿನ ಮೇಲೆ ಬೆಳೆದಿತ್ತು. ಕಿವಿಗೆ ಬಿದ್ದ ಮಾತನ್ನು ಬಿದ್ದ ಗಳಿಗೆಯಲ್ಲೇ ಚೀಟಿಯಲ್ಲಿ ಬರೆದುಕೊಳ್ಳಬೇಕೆಂಬುದು ಅವರೇ ಮಾಡಿದ್ದ ನಿಯಮ.

“ಆಡಿದವರು: ನನ್ನ ಹೆಂಡತಿ. ಸ್ಥಳ: ಓದುವ ಕೋಣೆಯ ಬಾಗಿಲು,” ಎಂದು ಟೈಪಿಸ್ಟ್ ಓದು ಮುಂದುವರಿಸಿದಳು. “ಪಕ್ಕದಲ್ಲಿ ‘ಸೊಗಸಾದ ಪ್ರಯೋಗ’ ಅಂತ ಬರೆದು ಎರಡು ಗೆರೆ ಬೇರೆ ಎಳೆದಿದೀರಿ. ಹೆಂಡ್ತಿ ಅಂತಾನೂ ನೋಡದೆ ಅಕ್ಕನ್ನೂ ಬಿಡಲಿಲ್ಲವಲ್ಲ ನೀವು!” ನಗುತ್ತಿದ್ದವಳು ತಾರೀಖಿನ ಮೇಲೆ ಕಣ್ಣು ಬಿದ್ದೊಡನೆ ಚೀಟಿಯನ್ನು ಅವರತ್ತ ಚಾಚಿದಳು. ಅದರ ಮೂರನೆಯ ದಿನಕ್ಕೆ ಅಕ್ಕ ಆಸ್ಪತ್ರೆ ಸೇರಿದ್ದರು. ಮತ್ತೆ ಮನೆಗೆ ಬರಲಿಲ್ಲ.

ಸಂಪಾದಕರು ಚೀಟಿಯನ್ನು ಈಸಿಕೊಂಡರು. ಅಕ್ಷರಗಳು ದುಂಡಗೆ, ಅವಸರವಿಲ್ಲದೆ, ಒಂದೂ ಚಿತ್ತಿಲ್ಲದೆ ಕೂತಿದ್ದವು. ಅಂದು ಹೆಂಡತಿಯ ಮುಖ ಹೇಗಿತ್ತೆಂಬುದು ಮಾತ್ರ ಎಷ್ಟು ನೆನೆದರೂ ನೆನಪಿಗೆ ಬರಲಿಲ್ಲ.

“ಅಕ್ಕ ಏನು ಹೇಳ್ಬೇಕು ಅಂತ ಬಂದಿದ್ರು ಸರ್?” ಟೈಪಿಸ್ಟ್ ಮೆಲ್ಲಗೆ ಕೇಳಿದಳು.

“ಗೊತ್ತಿಲ್ಲಮ್ಮ,” ಎಂದರು ಸಂಪಾದಕರು. “ನಾನು ಬರ್ಕೊಂಡು ತಲೆ ಎತ್ತೋ ಹೊತ್ತಿಗೆ ಹೋಗ್ಬಿಟ್ಟಿದ್ಲು.”