ಇಂಜಿನಿಯರರ ಭಯ

ಗಂಡನನ್ನು ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ಹಾಲು ಕಾಯಿಸುತ್ತಿದ್ದ ಶಿವಲೀಲಾಳ ಎದೆ ಧಸಕ್ಕೆಂದಿತು. ಅಣೆಕಟ್ಟೆಯ ಗೇಟು ಮುರಿದರೆ ಕೆಳಗಿನ ಊರುಗಳ ಗತಿಯೇನು? ಈ ಭಯ ಅವಳದಲ್ಲ. ಗೇಟಿನ ಕಾವಲುಗಾರನಾಗಿದ್ದ ಗಂಡನಿಗೆ ಇಂಜಿನಿಯರರು ತಮ್ಮ ಕೆಲಸದ ಪ್ರಭಾರ ಕೊಟ್ಟಾಗ, ಹುದ್ದೆಯ ಜೊತೆ ಅದರ ಭಯವನ್ನೂ ಒಪ್ಪಿಸುವ ವಾಡಿಕೆಯಂತೆ ಕೈಹಿಡಿದು ದಾಟಿಸಿದ್ದ ಭಯ. ಸಂಬಳ ಮಾತ್ರ ಕಾವಲುಗಾರನದೇ. ಅವನು ಸತ್ತ ಮೇಲೆ ಭಯ ಹೆಂಡತಿಗಿಳಿದಿತ್ತು.

ಒಲೆ ಆರಿಸಿ ಇಂಜಿನಿಯರರ ಕಚೇರಿಗೆ ಹೋದಳು.

"ಅನುಕಂಪದ ಮೇಲೆ ಅವನ ಕೆಲಸ ನಿಮಗೇ ಕೊಡಿಸ್ತೀನಮ್ಮ," ಇಂಜಿನಿಯರರು ಕಡಲೆಕಾಯಿ ಸುಲಿಯುತ್ತಾ ನಕ್ಕರು. "ಭಯಾನೂ ನಿಮ್ಮ ಹತ್ರಾನೇ ಇರಲಿ."

"ಕೆಲಸ ಬೇಕು ಸಾರ್. ಭಯಕ್ಕೆ ನಿಮ್ಮ ಸಂಬಳಾನೂ ಕೊಡ್ತೀರಾ? ನಮ್ಮೆಜಮಾನ್ರು ಕೇಳಿ ಕೇಳಿ ಸತ್ತರು."

"ಅದೆಲ್ಲ ಮೇಲಿನವರ ಕೈಲಿದೆ."

"ಹಾಗಾದ್ರೆ ನಮ್ಮೆಜಮಾನ್ರಿಗೆ ಕೊಟ್ಟಿದ್ದ ಎರವಲು ಭಯ ವಾಪಸ್ ತಗೊಳ್ಳಿ," ಎಂದು ಶಿವಲೀಲಾ ಇಂಜಿನಿಯರರ ಕೈ ಹಿಡಿದಳು.

"ಈಗ ಗೇಟಿನ ಹತ್ರ ಯಾರಿದ್ದಾರೆ?" ಎಂದು ಕೂಗುತ್ತಾ ಅವರು ಬರಿಗಾಲಲ್ಲೇ ಓಡಿದರು.