ಹೂಂಗುಡುವ ಸದಸ್ಯ

"ನಡುವ ಒಂದು ಪುಟ ಬಿಟ್ಟಿ ನೋಡವ್ವ."

ಫೋನಿನಲ್ಲಿ ಗುರುಲಿಂಗಯ್ಯನವರ ದನಿ. ಶಿವರಂಜನಿಯ ಕಿವಿ ಬಿಸಿಯಾಯಿತು. ಆ ಪುಟದಲ್ಲಿ ನಾಯಕ ನಾಯಕಿಯ ಕೈ ಹಿಡಿದು ಇನ್ನೂ ಏನೇನೋ ಮಾಡುತ್ತಿದ್ದ. ಹಿರಿಯರಿಗೆ ಓದಿ ಹೇಳಲು ನಾಚಿ, ಕಥೆಯ ಎಳೆ ತಪ್ಪದಂತೆ ಹಾರಿಸಿದ್ದಳು.

"ಇಲ್ಲರಿ ಮುತ್ಯಾ... ಗಾಳಿಗೆ ಹಾಳಿ ಹೊಳ್ಳಿತು."

"ಗಾಳಿ ಭಾಳ ಮರ್ಯಾದಸ್ಥ ಅದ ಬಿಡು!"

ಫೋನಿಟ್ಟ ಮೇಲೆ ಅನುಮಾನ ತಲೆಯೆತ್ತಿತು. ಕಾದಂಬರಿ ಅಚ್ಚಾದದ್ದೇ ಈ ವರ್ಷ. ಅವಳು ಮುತ್ಯಾ ಎಂದು ಕರೆಯುವ ಆ ಅಜ್ಜನ ಕಣ್ಣು ಹೋಗಿ ಬಹಳ ಕಾಲವಾಯಿತೆಂದು ಗ್ರಂಥಾಲಯದ ವಿಮಲಾಬಾಯಿ ಹೇಳಿದ್ದರು. ಹಾಗಾದರೆ ಬಿಟ್ಟ ಪುಟ ಗೊತ್ತಾದದ್ದು ಹೇಗೆ?

ಶಹಾಬಾದಿನ ಆ ಗ್ರಂಥಾಲಯ ನಿಜಾಮರ ಕಾಲದ್ದು. ಗೋಡೆ, ನೆಲ, ಕೂರುವ ಹಾಸು ಎಲ್ಲವೂ ಊರಿನ ಕಲ್ಲೇ. ಪುಸ್ತಕ ಸದಸ್ಯರಿಗಷ್ಟೇ. ಕಣ್ಣಿಲ್ಲದ ಸದಸ್ಯರಿಗೆ ಸಂಜೆ ಫೋನಿನಲ್ಲಿ ಓದಿ ಹೇಳುವ ಸೇವೆಯನ್ನು ಗ್ರಂಥಪಾಲಕಿ ವಿಮಲಾಬಾಯಿ ಶುರುಮಾಡಿದಾಗ, ಕಪಾಟಿನ ಮರೆಯಲ್ಲಿ ಓದಿ ಸದ್ದಿಲ್ಲದೆ ಎದ್ದುಹೋಗುತ್ತಿದ್ದ ಶಿವರಂಜನಿಯನ್ನೇ ಹಿಡಿದು ಕೂರಿಸಿದ್ದರು. ಕರಾರು ಒಂದೇ: ಓದುವವರು ಕೇಳುವವರ ಮನೆಗೆ ಹೋಗಕೂಡದು.

ಕಥೆ ಕೇಳುವವರು ಹೂಂಗುಡಬೇಕು, ಇಲ್ಲದಿದ್ದರೆ ಹೇಳುವವರ ಬಾಯಿ ಕಟ್ಟುತ್ತದೆ. ಇದು ಈ ಕಡೆಯ ರೂಢಿ. ಪಕ್ಕದೂರು ವಾಡಿಯಲ್ಲಿರುವ ಗುರುಲಿಂಗಯ್ಯನವರ ಆ "ಹೂಂ" ಬಿಟ್ಟರೆ ಅವಳ ದಿನದಲ್ಲಿ ಬೇರೆ ಮಾತುಕತೆಯಿರಲಿಲ್ಲ. ಡಿಗ್ರಿ ಮುಗಿಯಿತು, ಗೆಳತಿಯರು ಗಂಡನ ಮನೆ ಸೇರಿದರು. ಮನೆಯಲ್ಲಿ ಅವಳನ್ನು ಕೇಳುತ್ತಿದ್ದುದು ಚಹಾ ಆಯಿತೇ ಎಂದಷ್ಟೇ.

ಈಗ ಮುತ್ಯಾನಿಗೆ ಕಣ್ಣು ಕಾಣುತ್ತದೆಂದು ಬಾಯಿಬಿಟ್ಟರೆ ಆ ಹೂಂ ನಿಲ್ಲುತ್ತದೆ. ಬಿಡದಿದ್ದರೆ, ಎಲ್ಲೋ ಕತ್ತಲಲ್ಲಿ ಕಥೆಗಾಗಿ ಕಾದಿರುವ ಯಾರದೋ ಪಾಲನ್ನು ತಾನೂ ಕೂಡಿಯೇ ಕಸಿದಂತೆ. ರಾತ್ರಿಯಿಡೀ ಹೊರಳಾಡಿ, ಬೆಳಿಗ್ಗೆ ವಾಡಿಯ ರೈಲು ಹತ್ತಿದಳು.

ಸ್ಟೇಷನ್ನಿನಲ್ಲಿ ಕೇಳಿದರೆ ಮನೆ ತೋರಿಸಿದರು. ಕಟ್ಟೆಯ ಮೇಲೆ ಕನ್ನಡಕ ಏರಿಸಿಕೊಂಡು ಗುರುಲಿಂಗಯ್ಯ ಪೇಪರು ಓದುತ್ತಿದ್ದರು. ಪಕ್ಕದಲ್ಲಿ ಅದೇ ಕಾದಂಬರಿಯ ಇನ್ನೊಂದು ಪ್ರತಿ.

"ಮುತ್ಯಾ."

ದನಿ ಕೇಳಿದ್ದೇ ಪೇಪರು ಕೆಳಗಿಳಿಯಿತು. "ಬಂದೇಬಿಟ್ಟಿ ಏನವ್ವ? ಕುಂದ್ರು, ಕುಂದ್ರು."

ಅವಳು ಕೂರಲಿಲ್ಲ. ಯಾರೆದುರೂ ತಲೆಯೆತ್ತದವಳ ಗಂಟಲು ಓಣಿಗೆಲ್ಲ ಕೇಳಿಸಿತು.

"ಕಣ್ಣಿಲ್ಲದವರ ಸೇವಾರಿ ಅದು! ನೀವು ಹಿಂಗ ಸುಳ್ಳು ಹೇಳಿ ಕುಂತ್ರ ಖರೇನೇ ಕಣ್ಣಿಲ್ಲದವರು ಎಲ್ಲಿಗಿ ಹೋಗಬೇಕು? ನನಗೇನು ನಿಮ್ಮ ಜೋಡಿ ಮಾತಾಡೋದು ಬ್ಯಾಡಾಗ್ಯಾದ? ಆದ್ರ ಇವತ್ತಿನಿಂದ ನಾ ಅವರಿಗೇ ಓದತೀನಿ."

ಎದುರು ಮನೆಯ ಗುಂಡಮ್ಮ ಬಾಗಿಲಿಗೆ ಬಂದು ನಿಂತಳು. ಗುರುಲಿಂಗಯ್ಯ ಕನ್ನಡಕ ತೆಗೆದು ಧೋತರದ ತುದಿಯಿಂದ ಒರೆಸಿದರು. ಒರೆಸುತ್ತಲೇ ಇದ್ದರು.

"ಅಂಥ ಸದಸ್ಯರು ನಮ್ಮ ಲೈಬ್ರರಿಯೊಳಗ ಒಬ್ಬರೂ ಇಲ್ಲವ್ವ. ಯಾರ ಜೋಡೀನೂ ಮಾತಾಡದ ಹುಡುಗಿ ಒಬ್ಬಾಕಿ ಇದ್ದಾಳ. ಆಕಿ ಸಲುವಾಗಿ ವಿಮಲಾಬಾಯಿ ಈ ಸೇವಾ ಹುಟ್ಟಸ್ಯಾರ."